ಬಡಗಿಯಲ್ಲದವರು ಮನೆಯಲ್ಲೇ ಮರದ ಹಾಯಿದೋಣಿ ಕಟ್ಟಬಹುದೇ?

ಮೈಸೂರಿನ ಮನೆಯ ಕಾರ್ ಶೆಡ್ಡಿನಲ್ಲಿ, ಮರಗೆಲಸ ಕಲಿಯದ ವ್ಯಕ್ತಿಯೊಬ್ಬರು ಇಬ್ಬರು ಕೂರುವಷ್ಟು ದೊಡ್ಡ ಹಾಯಿದೋಣಿಯನ್ನು ಕಟ್ಟಿಕೊಳ್ಳಬಹುದೇ, ಅದಕ್ಕೆ ಯಾವ ಮರ ಬೇಕು, ಎಲ್ಲಿಂದ ಆರಂಭಿಸಬೇಕು ಎಂದು ನೀವು ಕೇಳಿದ್ದೀರಿ. ಖಂಡಿತ ಕಟ್ಟಬಹುದು. ನಾನೂ ವೃತ್ತಿಯಲ್ಲಿ ಲೆಕ್ಕಪತ್ರ ಬರೆಯುವವನು. ಉಡುಪಿಯ ಸಮೀಪ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅಂಥದೊಂದು ದೋಣಿ ಕಟ್ಟಿ ಹೊಳೆಯಲ್ಲಿ ಓಡಿಸುತ್ತಿದ್ದೇನೆ. ದೋಣಿಗೆ ಆಕಾರ ಕೊಡುವ ಕೆಲಸ ಹೊಸಬರು ಹೆದರುವಷ್ಟು ಕಷ್ಟದ್ದೇನಲ್ಲ. ಮರದೊಳಗೆ ನೀರು ಇಳಿಯದಂತೆ ಮಾಡುವುದರ ಮೇಲೆ ದೋಣಿಯ ಆಯುಸ್ಸು ನಿಂತಿದೆ, ಹೆಚ್ಚಿನವರು ಬೇಸತ್ತು ಅವಸರ ಮಾಡುವುದೂ ಅಲ್ಲಿಯೇ.

ಕರಾವಳಿಯ ಆಚಾರಿಗಳು ಹೆಬ್ಬಲಸಿನಂಥ ಮರದ ದಪ್ಪ ಹಲಗೆಗಳನ್ನು ಬಗ್ಗಿಸಿ, ಕಣ್ಣಂದಾಜಿನಲ್ಲೇ ಅಳತೆ ಹಿಡಿದು ದೋಣಿ ಕಟ್ಟುವ ಕ್ರಮವು ಹಿರಿಯರ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿಯಬೇಕಾದ ವಿದ್ಯೆ. ಅದನ್ನು ಶೆಡ್ಡಿನಲ್ಲಿ ಪ್ರಯತ್ನಿಸಬೇಡಿ. ನಮ್ಮಂಥವರಿಗೆ ಹೊಂದುವುದು ಪ್ಲೈವುಡ್ಡನ್ನು ತಂತಿಯಿಂದ ಹೊಲಿದು ಅಂಟಿಸುವ ವಿಧಾನ. ಅದನ್ನು ಜನಪ್ರಿಯಗೊಳಿಸಿದ್ದು ಇಂಗ್ಲೆಂಡಿನ ಮಿರರ್ ಎಂಬ ಸುಮಾರು 3.3 ಮೀಟರ್ ಉದ್ದದ ದೋಣಿ. ಟೆಲಿವಿಷನ್ನಿನಲ್ಲಿ ಮನೆಗೆಲಸದ ದುರಸ್ತಿಗಳನ್ನು ಕಲಿಸಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕ ಜಾಕ್ ಹೋಲ್ಟ್ ಸೇರಿ ರೂಪಿಸಿದ ಈ ದೋಣಿ, 1963ರಲ್ಲಿ ಡೈಲಿ ಮಿರರ್ ಪತ್ರಿಕೆಯ ಬೆಂಬಲದೊಂದಿಗೆ ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ಬಂತು. ಸುಮಾರು 70,000 ಮಿರರ್‌ಗಳು ಇದುವರೆಗೆ ತಯಾರಾಗಿವೆ. ಅವುಗಳಲ್ಲಿ ಬಹಳಷ್ಟನ್ನು ಜೋಡಿಸಿದವರು ನನ್ನ ನಿಮ್ಮಂಥ ಸಂಸಾರಸ್ಥರು. ಹೊಲಿಗೆಯೆಂದರೆ ನಿಮಗೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗು ನೆನಪಾಗಬಹುದು. ಅಲ್ಲಿ ಹಲಗೆಗಳನ್ನು ಹಿಡಿದಿರುವುದೇ ತೆಂಗಿನ ನಾರಿನ ಹೊಲಿಗೆ. ನಮ್ಮ ವಿಧಾನದಲ್ಲಾದರೋ ತಾಮ್ರದ ತಂತಿಯ ಕೆಲಸ ತಾತ್ಕಾಲಿಕ. ಅಂಟು ಗಟ್ಟಿಯಾದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತೇವೆ.

ನಕ್ಷೆಯನ್ನು ಸ್ವತಃ ಬರೆಯಲು ಹೋಗದೆ, ಈಗಾಗಲೇ ಹಲವರು ಕಟ್ಟಿ ಓಡಿಸಿರುವ ದೋಣಿಯ ನಕ್ಷೆಯನ್ನು ಹಣ ಕೊಟ್ಟು ಕೊಳ್ಳಿ. ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ರೂಪಿಸಿದ ಆಪ್ಟಿಮಿಸ್ಟ್ ಬಹಳ ಸರಳವಾದದ್ದು, ಆದರೆ 2.3 ಮೀಟರಿನ ಆ ದೋಣಿ ಮಕ್ಕಳಿಗೆ ಮಾತ್ರ. ಇಬ್ಬರಿಗಾದರೆ 3.5ರಿಂದ 4 ಮೀಟರ್ ಉದ್ದದ, ಚಪ್ಪಟೆ ತಳದ ವಿನ್ಯಾಸವೊಂದನ್ನು ಆರಿಸಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ನಕ್ಷೆ ಬಂದ ಕೂಡಲೇ ಹತ್ತನೇ ಒಂದರ ಅಳತೆಯಲ್ಲಿ ರಟ್ಟು ಕತ್ತರಿಸಿ, ಸೆಲ್ಲೋಟೇಪು ಹಚ್ಚಿ ಒಂದು ಮಾದರಿ ಮಾಡಿ ನೋಡಿ. ಶೆಡ್ಡಿನ ಬಾಗಿಲನ್ನೂ ಆಗಲೇ ಅಳೆದುಬಿಡಿ.

ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ವಾಟರ್‌ಪ್ರೂಫ್ ಎಂದು ತೋರಿಸುವುದನ್ನೆಲ್ಲ ಒಪ್ಪಬೇಡಿ. ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ ಬೇಕು. 72 ಗಂಟೆ ಕುದಿಸಿದರೂ ಅದರ ಪದರಗಳು ಬಿಡಬಾರದೆಂಬುದು ಆ ಮಾನದಂಡದ ಒಂದು ಪರೀಕ್ಷೆ. ಒಂದು ಸಣ್ಣ ತುಂಡನ್ನು ಮನೆಯಲ್ಲಿ ಕೆಲವು ಗಂಟೆ ಕುದಿಸಿ ನೋಡಿದರೂ ಕಳಪೆ ಮಾಲಿನ ಬಣ್ಣ ಬಯಲಾಗುತ್ತದೆ. ಅಂಚಿನಲ್ಲಿ ಪದರಗಳ ನಡುವೆ ಪೊಳ್ಳು ಕಂಡರೆ ಆ ಹಾಳೆಯನ್ನು ವಾಪಸು ಕೊಡಿ. ದೋಣಿಯ ಒಡಲಿಗೆ ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪ ಸಾಕು. ಗಟ್ಟಿಯಾಗಲಿ ಎಂದು 9 ಅಥವಾ 12ಕ್ಕೆ ಹೋದರೆ ದೋಣಿ ಭಾರವಾಗಿ, ಸಣ್ಣ ಗಾಳಿಗೆ ಕದಲುವುದೇ ಇಲ್ಲ.

ಹಾಳೆಯ ಉದ್ದ 8 ಅಡಿ, ದೋಣಿಯದು ಅದಕ್ಕಿಂತ ಹೆಚ್ಚು. ಆದ್ದರಿಂದ ಎರಡು ಹಾಳೆಗಳನ್ನು ಉದ್ದಕ್ಕೆ ಬೆಸೆಯಬೇಕಾಗುತ್ತದೆ. ಇಳಿಜಾರಾಗಿ ಕೆತ್ತಿ ಒಂದರ ಮೇಲೊಂದು ಕೂರಿಸುವ ಬೆಸುಗೆಯಲ್ಲಿ ಇಳಿಜಾರಿನ ಅಗಲ ದಪ್ಪದ ಎಂಟು ಪಟ್ಟು, ಅಂದರೆ 6 ಮಿಲಿಮೀಟರ್ ಹಾಳೆಗೆ 48 ಮಿಲಿಮೀಟರ್ ಇರಬೇಕು. ಹಾಳೆಗಳನ್ನು ಮೆಟ್ಟಿಲಿನಂತೆ ತಲಾ 48 ಮಿಲಿಮೀಟರ್ ಹಿಂದಕ್ಕೆ ಸರಿಸಿ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಕೀಸುಳಿಯಿಂದ ಕೆತ್ತಿ. ಕೆತ್ತುತ್ತ ಹೋದಂತೆ ಪ್ಲೈವುಡ್ಡಿನ ಪದರಗಳು ತಿಳಿ ಮತ್ತು ಕಡು ಬಣ್ಣದ ಪಟ್ಟಿಗಳಾಗಿ ತೆರೆದುಕೊಳ್ಳುತ್ತವೆ. ಆ ಪಟ್ಟಿಗಳು ನೇರವಾಗಿ, ಸಮಾನಾಂತರವಾಗಿ ಕಂಡರೆ ಇಳಿಜಾರು ಸರಿಯಾಗಿದೆ. ಎಲ್ಲಿ ಅವು ಸೊಟ್ಟಗಾಗಿವೆಯೋ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ಬೇರೆ ಅಳತೆಗೋಲೇ ಬೇಡ.

ನಕ್ಷೆಯಂತೆ ಕತ್ತರಿಸಿದ ಹಾಳೆಗಳ ಅಂಚಿನಲ್ಲಿ ನಾಲ್ಕೈದು ಇಂಚಿಗೊಂದು ತೂತು ಕೊರೆದು, ತಂತಿ ಪೋಣಿಸಿ ತಿರುಚುತ್ತ ಬಂದರೆ ಚಪ್ಪಟೆ ಹಾಳೆಗಳು ಎದ್ದು ಒಂದೇ ದಿನದಲ್ಲಿ ದೋಣಿಯಾಗುತ್ತವೆ. ನಿಮ್ಮ ಸಂಭ್ರಮವನ್ನು ಸ್ವಲ್ಪ ತಡೆಹಿಡಿಯಬೇಕಾದ ಗಳಿಗೆಯೂ ಅದೇ. ಮುಂದೊಂದು ಹಿಂದೊಂದು ಅಡ್ಡಪಟ್ಟಿ ಇಟ್ಟು ರಸಮಟ್ಟದಿಂದ ನೋಡಿ, ನಡುವೆ ದಾರ ಎಳೆದು, ಒಡಲು ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಂಟು ಬಿದ್ದ ಮೇಲೆ ಆ ತಿರುಚನ್ನು ಬಿಡಿಸಲಾಗದು, ಮತ್ತು ಅಂಥ ದೋಣಿ ಜೀವಮಾನವಿಡೀ ಒಂದೇ ಮಗ್ಗುಲಿಗೆ ಎಳೆಯುತ್ತದೆ.

ಅಂಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫೈಬರ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಪಾಲಿಯೆಸ್ಟರ್ ರಾಳ ಮರಕ್ಕೆ ಚೆನ್ನಾಗಿ ಕಚ್ಚುವುದಿಲ್ಲ, ಗಟ್ಟಿಯಾಗಿಸುವ ದ್ರವವನ್ನು ಬೆರೆಸಿ ಕಲಸಿಕೊಳ್ಳುವ ಎಪಾಕ್ಸಿ ಎಂಬ ರಾಳವೇ ಬೇಕು. ಮರದ ಪುಡಿಯೋ ಸಿಲಿಕಾವೋ ಬೆರೆಸಿ ದಪ್ಪಮಾಡಿದ ಎಪಾಕ್ಸಿಯನ್ನು ಒಳಗಿನ ಮೂಲೆಗಳಿಗೆ ಮೆತ್ತಿ, ಅದರ ಮೇಲೆ ಗಾಜಿನೆಳೆಯ ಪಟ್ಟಿ ಕೂರಿಸಿದಾಗಲೇ ದೋಣಿಗೆ ಬಲ ಬರುವುದು. ನಮ್ಮ ಹವೆ ಇದಕ್ಕೆ ಅಷ್ಟು ಅನುಕೂಲವಲ್ಲ. ಬೇಸಿಗೆಯ ಮಧ್ಯಾಹ್ನ ಕಪ್ಪಿನ ತುಂಬ ಕಲಸಿಟ್ಟ ಎಪಾಕ್ಸಿ ತನ್ನದೇ ಕಾವಿಗೆ ಹೊಗೆಯಾಡಿ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಬೆಳಗಿನ ಹೊತ್ತು, ಸ್ವಲ್ಪಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಂಡು ಕೆಲಸ ಮಾಡಬೇಕು. ಮಳೆಗಾಲದ ತೇವದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಇನ್ನಷ್ಟು ಒಳಕ್ಕೆ ಒತ್ತಿದಂತಾಗುತ್ತದೆ, ಮುಂದಿನ ಪದರ ಹಿಡಿಯುವುದಿಲ್ಲ. ಮೊದಲು ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ನಂತರ ಉಜ್ಜಬೇಕು. ಕೈಗವಸಿಲ್ಲದೆ ಎಪಾಕ್ಸಿಯನ್ನು ಮುಟ್ಟಲೇಬೇಡಿ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ.

ಉಪ್ಪುನೀರು ಮರವನ್ನು ಕೊಳೆಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಮುದ್ರದಲ್ಲೇ ಇಟ್ಟ ದೋಣಿಗೆ ಮರ ಕೊರೆಯುವ ಹುಳುಗಳ ಕಾಟವಿರುವುದು ನಿಜವಾದರೂ, ಕೊಳೆಸುವ ಶಿಲೀಂಧ್ರಕ್ಕೆ ಪ್ರಿಯವಾದದ್ದು ಸಿಹಿನೀರು. ದೋಣಿಯ ತಳದ ಮೂಲೆಯಲ್ಲಿ ತಂಗಿದ ಮಳೆನೀರು ಸ್ಕ್ರೂ ತೂತಿನಿಂದಲೋ ಬಣ್ಣ ಕಾಣದ ಅಂಚಿನಿಂದಲೋ ಪ್ಲೈವುಡ್ಡಿನ ಪದರಗಳಿಗೆ ಇಳಿದರೆ, ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಮರ ಮೆತ್ತಗಾಗಿರುತ್ತದೆ. ಪ್ಲೈವುಡ್ ಹೆಚ್ಚು ನೀರು ಹೀರುವುದು ಅಂಚುಗಳಲ್ಲಿ. ಅಲ್ಲಿಗೆ ತೆಳು ಎಪಾಕ್ಸಿಯನ್ನು ಇನ್ನು ಹೀರುವುದಿಲ್ಲವೆನ್ನುವವರೆಗೆ ಹಚ್ಚಬೇಕು. ಸ್ಕ್ರೂ ಹಾಕುವಲ್ಲೆಲ್ಲ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿನ ತೂತು ಕೊರೆಯಬೇಕು. ಬಿಸಿಲಿಗೆ ಎಪಾಕ್ಸಿ ಹಾಳಾಗುವುದರಿಂದ ಹೊರಗೆಲ್ಲ ಬಣ್ಣವೋ ಬಿಸಿಲು ತಡೆಯುವ ವಾರ್ನಿಷೋ ಬೇಕೇಬೇಕು. ಮಳೆಗಾಲದಲ್ಲಿ ದೋಣಿಯನ್ನು ನೆಲದಿಂದ ಎತ್ತರಿಸಿ, ಗಾಳಿಯಾಡುವಂತೆ ಬೋರಲು ಹಾಕಿಡಿ.

ಹಾಯಿಕಂಬ, ಚುಕ್ಕಾಣಿ, ನಡುವೆ ಇಳಿಬಿಡುವ ಹಲಗೆ, ಹಾಯಿ ಇವೆಲ್ಲ ಸೇರಿ ಒಡಲಿನಷ್ಟೇ ಸಮಯ ತೆಗೆದುಕೊಳ್ಳುತ್ತವೆ, ಲೆಕ್ಕದಲ್ಲಿಡಿ. ಮೊದಲ ಹಾಯಿಯನ್ನು ಟಾರ್ಪಾಲಿನಿನಲ್ಲೇ ಹೊಲಿಸಬಹುದು. ಆಸನಗಳ ಕೆಳಗೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳಿರಲಿ. ಸೊಂಟದುದ್ದದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ, ಲೈಫ್ ಜಾಕೆಟ್ ತೊಟ್ಟು, ಮತ್ತೆ ನಿಲ್ಲಿಸಿ ಹತ್ತಲು ಬರುತ್ತದೆಯೇ ಎಂದು ನೋಡದೆ ಆಳಕ್ಕೆ ಹೋಗಬೇಡಿ.

ನಿಮ್ಮ ಊರಿನಿಂದ ಸಮುದ್ರ ದೂರವಾದ್ದರಿಂದ, ನೀವು ನೋಡುವುದು ಬಹುಶಃ ಯಾವುದಾದರೂ ಜಲಾಶಯದ ಹಿನ್ನೀರನ್ನು. ಅಣೆಕಟ್ಟುಗಳ ಹಿನ್ನೀರಿನಲ್ಲಿ ಮನಬಂದಂತೆ ದೋಣಿ ಇಳಿಸುವ ಹಾಗಿಲ್ಲ. ಆ ನೀರು ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಲಿಖಿತ ಅನುಮತಿ ಪಡೆಯಬೇಕು. ಪ್ಲೈವುಡ್ ಕೊಳ್ಳುವ ಮೊದಲೇ ಅರ್ಜಿ ಕೊಟ್ಟು ವಿಚಾರಿಸಿ, ಏಕೆಂದರೆ ಉತ್ತರ ಬರುವ ಹೊತ್ತಿಗೆ ದೋಣಿಯ ಕೆಲಸ ಅರ್ಧ ಮುಗಿದಿರುವ ಸಾಧ್ಯತೆಯೇ ಹೆಚ್ಚು.