ಸಂಪಾದಕರ ಉತ್ತರ: 15 ಹೋಗಿ 4 ಆಯ್ತು, ಆ ನಾಲ್ಕರ ಗತಿ ಏನು?

ಮೂಡಿಗೆರೆ ಕಡೆಯ ಓದುಗರೊಬ್ಬರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಪತ್ರದ ಸಾರಾಂಶ ಇಷ್ಟು: "ಸಾರ್, ನನಗೆ 42 ವರ್ಷ. ದಿನಕ್ಕೆ 15 ಸಿಗರೇಟ್ ಸೇದ್ತಿದ್ದೆ. ಹೋದ ವರ್ಷದಿಂದ ವೇಪ್, ಅದೇ ಇ-ಸಿಗರೇಟು, ಹಿಡ್ಕೊಂಡಿದೀನಿ, ಬೆಂಗಳೂರಲ್ಲಿರೋ ಭಾಮೈದ ತಂದ್ಕೊಡ್ತಾನೆ. ಸಿಗರೇಟ್ ಈಗ ನಾಲ್ಕೇ ನಾಲ್ಕು, ಬೆಳಿಗ್ಗೆ ಕಾಫಿ ಜೊತೆ ಒಂದು, ತಿಂಡಿ ಆದ್ಮೇಲೆ ಒಂದು, ಊಟ ಆದ್ಮೇಲೆ ಒಂದು, ಮಲಗೋ ಮುಂಚೆ ಒಂದು. ಮುಕ್ಕಾಲು ಪಾಲು ಬಿಟ್ಟ ಹಾಗೇ ಅಲ್ವಾ? ಮನೆಯವಳು ಒಪ್ಪಲ್ಲ. ಅವಳು ನಿಮ್ಮ ಪತ್ರಿಕೆ ತಪ್ಪದೆ ಓದ್ತಾಳೆ, ನೀವೇ ಒಂದು ಮಾತು ಹೇಳಿ."

ಹೇಳ್ತೀನಿ, ಆದ್ರೆ ನಿಮ್ಮ ಮನೆಯವರ ಪರವಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಮೊದಲು ನಿಮ್ಮ ಕಡೆಯ ನ್ಯಾಯ. ವೇಪಲ್ಲಿ ತಂಬಾಕಿನ ಎಲೆ ಸುಡಲ್ಲ, ನಿಕೋಟಿನ್ ಬೆರೆಸಿದ ದ್ರವ ಬಿಸಿಯಾಗಿ ಆವಿ ಬರುತ್ತೆ ಅಷ್ಟೇ, ಹಾಗಾಗಿ ಟಾರ್, ಅಂದ್ರೆ ಹೊಗೆಯ ಅಂಟು ಜಿಡ್ಡು, ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ ಅನ್ನೋಷ್ಟು ಕಮ್ಮಿ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು, ಇಂಗ್ಲೆಂಡಿನಲ್ಲಿ 886 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ವೇಪು, ಇನ್ನೊಂದಕ್ಕೆ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚು, ಅಗಿಯೋ ಗಮ್ಮು ಇಂಥವು ಕೊಟ್ಟಿದ್ರು. ವರ್ಷ ಆದ್ಮೇಲೆ ವೇಪಿನ ಗುಂಪಲ್ಲಿ 18% ಜನ ಸಿಗರೇಟ್ ಬಿಟ್ಟಿದ್ರು, ಇನ್ನೊಂದರಲ್ಲಿ 9.9%. ಇದನ್ನ ನಾನು ಮುಚ್ಚಿಡಲ್ಲ. ಆದ್ರೆ ಗಮನಿಸಿ, ಅದು ಸಿಗರೇಟನ್ನ ಪೂರ್ತಿ ಬಿಟ್ಟವರ ಲೆಕ್ಕ, ಅವರ ಜೊತೆ ವಾರ ವಾರ ಕೂತು ಮಾತಾಡೋಕೆ ಜನ ಇದ್ರು. ನಿಮ್ಮ ಹಾಗೆ ಎರಡನ್ನೂ ಇಟ್ಕೊಂಡವರು ಆ 18ರೊಳಗೆ ಬರೋದೇ ಇಲ್ಲ.

ನೀವು ಮಾಡ್ತಿರೋದು ಹಾವೂ ಸಾಯಬಾರದು ಕೋಲೂ ಮುರಿಬಾರದು ಅನ್ನೋ ವ್ಯವಹಾರ. ತುಂಬಾ ಜನ ಮಾಡ್ತಾರೆ. ಈಗಿನ ಇ-ಸಿಗರೇಟನ್ನ 2003ರ ಹೊತ್ತಿಗೆ ರೂಪಿಸಿದ ಚೀನಾದ ಹೋನ್ ಲಿಕ್ ಕಥೆ ಕೇಳಿ, ಔಷಧ ತಜ್ಞ, ಭಾರಿ ಸೇದ್ತಿದ್ದ ಮನುಷ್ಯ, ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ್ರು. ಅಂಥವರೇ ಎಷ್ಟೋ ವರ್ಷ ಆದ್ಮೇಲೆ ಸಂದರ್ಶನಗಳಲ್ಲಿ, ನಾನು ವೇಪೂ ಮಾಡ್ತೀನಿ ಆಗಾಗ ಸಿಗರೇಟೂ ಸೇದ್ತೀನಿ ಅಂತ ಹೇಳ್ಕೊಂಡಿದಾರೆ. ಕಂಡುಹಿಡಿದವರಿಗೇ ಆ ಕೊನೆಯ ಕೆಲವು ಬಿಡೋಕಾಗ್ಲಿಲ್ಲ ಅಂದ್ರೆ ಆ ಕೊನೆಯವು ಎಂಥ ಗಟ್ಟಿ ಅಂತ ಲೆಕ್ಕ ಹಾಕಿ.

15ರಿಂದ 4ಕ್ಕೆ ಬಂದ್ರೆ ಅಪಾಯನೂ ಅದೇ ಲೆಕ್ಕದಲ್ಲಿ ಇಳಿಯುತ್ತೆ ಅಂದ್ಕೊಂಡಿದೀರಿ. ಹೃದಯದ ವಿಷಯದಲ್ಲಿ ಈ ಲೆಕ್ಕ ನಡೆಯಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಷ್ಟೋ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದ್ರು. ದಿನಕ್ಕೆ 20 ಸೇದೋ ಗಂಡಸಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತೋ, ದಿನಕ್ಕೆ ಒಂದೇ ಒಂದು ಸೇದೋನಿಗೂ ಅದರ ಹೆಚ್ಚುಕಮ್ಮಿ ಅರ್ಧ ಏರುತ್ತೆ. ಒಂದಕ್ಕೇ ಅರ್ಧ, ನೀವು ನಾಲ್ಕು! ರಕ್ತ ಹೆಪ್ಪುಗಟ್ಟಿಸೋ ಕಣಗಳು ಕೆರಳೋಕೆ, ರಕ್ತನಾಳದ ಒಳಪದರ ಕೆಡೋಕೆ ಸ್ವಲ್ಪ ಹೊಗೆ ಸಾಕು, ಪ್ಯಾಕೆಟ್ಟುಗಟ್ಲೆ ಬೇಕಾಗಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಜನರ ಮೂತ್ರ ಪರೀಕ್ಷೆ ಮಾಡಿ ನೋಡಿದಾಗ ಬರೀ ವೇಪ್ ಮಾಡೋರಲ್ಲಿ ವಿಷದ ಅಂಶಗಳು ಸ್ಪಷ್ಟವಾಗಿ ಕಮ್ಮಿ ಇದ್ವು, ಎರಡೂ ಮಾಡೋರಲ್ಲಿ ಬರೀ ಸಿಗರೇಟ್ ಸೇದೋರಿಗಿಂತ ಕಮ್ಮಿ ಇರ್ಲಿಲ್ಲ.

ಇನ್ನು ಆ ನಾಲ್ಕನ್ನ ನೀವು ಸೇದೋ ರೀತಿ. ನಮ್ಮ ಪ್ರೆಸ್ಸಲ್ಲಿ ಒಬ್ಬ ಬೈಂಡರ್ ಇದ್ರು, ಹೆಂಡತಿ ಮಕ್ಕಳ ಮಾತಿಗೆ ಕಟ್ಟುಬಿದ್ದು ದಿನಕ್ಕೆ ಮೂರಕ್ಕೆ ಇಳಿಸಿದ್ರು. ಹಿಂದಿನ ಬಾಗಿಲ ಹತ್ರ ನಿಂತು ಸೇದೋವಾಗ ನೋಡ್ತಿದ್ದೆ, ಎರಡೂ ಕೆನ್ನೆ ಒಳಕ್ಕೆ ಹೋಗೋ ಹಾಗೆ ಎಳೆಯೋರು, ಹೊಗೆನ ಎದೆಯಲ್ಲೇ ಹಿಡ್ಕೊಂಡು ಬಿಡೋದನ್ನೇ ಮರೆತೋರ ಹಾಗೆ ನಿಲ್ಲೋರು, ಬೂದಿ ಉದ್ದ ಆಗಿ ತಾನೇ ಉದುರಬೇಕು, ಬೆಂಕಿ ಫಿಲ್ಟರಿಗೆ ಬಂದು ಬೆರಳು ಚುರ್ ಅನ್ನೋವರೆಗೂ ಬಿಡ್ತಿರ್ಲಿಲ್ಲ. ಮೊದಲು ಅರ್ಧ ಸೇದಿ ಬಿಸಾಕ್ತಿದ್ದ ಅದೇ ಮನುಷ್ಯ! ಮೈಗೆ ಇಂತಿಷ್ಟು ನಿಕೋಟಿನ್ ಬೇಕು ಅಂತ ಅಭ್ಯಾಸ ಆಗಿದೆ, ಸಂಖ್ಯೆ ಕಮ್ಮಿ ಆದ್ರೆ ಅದು ಒಂದೊಂದರಿಂದಲೂ ಜಾಸ್ತಿ ಹಿಂಡ್ಕೊಳ್ಳುತ್ತೆ. ಲೈಟ್ ಸಿಗರೇಟಿನ ಮೋಸ ನಡೆದಿದ್ದೂ ಹೀಗೇ. ಫಿಲ್ಟರ್ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇಟ್ಟಿದ್ರು, ಯಂತ್ರಕ್ಕೆ ಸಿಕ್ಕಿಸಿ ಅಳೆದ್ರೆ ಗಾಳಿ ಬೆರೆತು ಟಾರ್ ಕಮ್ಮಿ ಅಂತ ತೋರಿಸೋದು, ಸೇದೋ ಮನುಷ್ಯನ ಬೆರಳು ತುಟಿ ಅದೇ ತೂತನ್ನ ಮುಚ್ಚೋದು, ಸಾಲದ್ದಕ್ಕೆ ಜೋರಾಗಿ ಎಳೆಯೋರು. ಎಷ್ಟೋ ದಶಕ ಜನ ಲೈಟ್ ಸೇದ್ತಿದೀನಿ ಅನ್ನೋ ಸಮಾಧಾನದಲ್ಲೇ ಬಿಡದೆ ಉಳಿದ್ರು. ನಿಮ್ಮ ವೇಪೂ ಈಗ ನಿಮಗೆ ಅದೇ ಸಮಾಧಾನ ಕೊಡ್ತಿದೆ ಅನ್ನೋದೇ ನನ್ನ ತಕರಾರು.

ಈಗ ಕಾಫಿಗೆ ಬರೋಣ, ಕಾಫಿ ಬೆಳೆಯೋರು ನೀವು, ಇದನ್ನ ನಿಮಗೆ ಯಾರೂ ಹೇಳಿರಲ್ಲ. ಸಿಗರೇಟ್ ಹೊಗೆಯ ಟಾರಿನಲ್ಲಿರೋ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನ ಚುರುಕು ಮಾಡ್ತವೆ, ಆ ಕಿಣ್ವವೇ ಕೆಫೀನನ್ನ ಕರಗಿಸಿ ಹೊರಹಾಕೋದು. ಅದಕ್ಕೇ ಸೇದೋರ ಮೈಯಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಬೇಗ ಖಾಲಿ ಆಗುತ್ತೆ, ದಿನಕ್ಕೆ ಐದಾರು ಲೋಟ ಕುಡಿದ್ರೂ ಏನೂ ಅನ್ನಿಸಲ್ಲ. ಸಿಗರೇಟ್ ಬಿಟ್ಟ ಕೆಲವೇ ದಿನಕ್ಕೆ ಕಿಣ್ವ ನಿಧಾನ ಆಗುತ್ತೆ, ಕಾಫಿ ಮಾತ್ರ ಅಷ್ಟೇ ಇಳಿಯುತ್ತಿರುತ್ತೆ, ಕೆಫೀನ್ ಮೈಯಲ್ಲಿ ಏರಿ ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ, ಸಣ್ಣದಕ್ಕೂ ರೇಗಾಟ. ಮನುಷ್ಯ ಅಂದ್ಕೊಳ್ತಾನೆ ಇದು ಸಿಗರೇಟ್ ಬಿಟ್ಟಿದ್ದಕ್ಕೇ, ನನ್ನ ಮೈಗೆ ಬಿಡೋದು ಆಗಿಬರಲ್ಲ ಅಂತ, ಹೋಗಿ ಒಂದು ಹಚ್ತಾನೆ. ನಮ್ಮ ಮಲೆನಾಡಲ್ಲಿ ಬಿಟ್ಟು ಮತ್ತೆ ಹಿಡಿದವರಲ್ಲಿ ಎಷ್ಟು ಜನ ಹೀಗೆ ಕಾಫಿ ಮಾಡಿದ ತೊಂದರೆಗೆ ಮತ್ತೆ ಹಿಡಿದಿರ್ಬಹುದು, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಈ ಕೆಲಸ ಮಾಡೋದು ಹೊಗೆ, ನಿಕೋಟಿನ್ ಅಲ್ಲ, ಅದಕ್ಕೇ ನಾಳೆ ಆ ನಾಲ್ಕನ್ನ ಬಿಟ್ಟು ವೇಪ್ ಒಂದನ್ನೇ ಇಟ್ಕೊಂಡ್ರೂ ನಿಮಗೆ ಇದು ಆಗಬಹುದು. ಬಿಡೋ ದಿನದಿಂದಲೇ ಕಾಫಿನ ಅರ್ಧಕ್ಕೆ ಇಳಿಸಿ. ಚಿಕ್ಕಮಗಳೂರಿನವರಿಗೆ ಕಾಫಿ ಕಮ್ಮಿ ಮಾಡಿ ಅನ್ನೋಕೆ ನನಗೂ ಸಂಕಟನೇ, ಆದ್ರೂ ಹೇಳ್ತೀನಿ.

ಭಾಮೈದನ ವಿಷಯ ಸಣ್ಣದಾಗಿ ಮುಗಿಸ್ತೀನಿ. ಕರ್ನಾಟಕದಲ್ಲಿ 2016ರಲ್ಲೇ, ದೇಶಕ್ಕೆಲ್ಲ 2019ರ ಕಾಯ್ದೆಯಲ್ಲಿ ಇ-ಸಿಗರೇಟ್ ಮಾರೋದು, ತರಿಸೋದು, ಸಾಗಿಸೋದು ಎಲ್ಲ ನಿಷೇಧ, ಮೊದಲ ಸಲ ಸಿಕ್ಕಿಬಿದ್ರೆ ಒಂದು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಕದ್ದು ಮಾರೋ ಮಾಲಿನೊಳಗೆ ಏನಿದೆ ಅಂತ ನೋಡೋರು ಯಾರೂ ಇಲ್ಲ. 2019-20ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, 68 ಜನ ಸತ್ತರು, ಹೆಚ್ಚಿನ ಕೇಸುಗಳ ಹಿಂದೆ ಇದ್ದಿದ್ದು ಕಳ್ಳ ದಾರಿಯಲ್ಲಿ ಬಂದ ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ನಿಮ್ಮದು ಅದಲ್ಲ ಅಂತೀರಿ, ಸರಿ, ಲೇಬಲ್ ನಂಬಬಹುದು ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ?

ಆದ್ರೆ ನನ್ನ ದೊಡ್ಡ ಸಿಟ್ಟು ನಿಮ್ಮ ಮೇಲಲ್ಲ. ವೇಪ್ ನಿಷೇಧ ಮಾಡಿದ ದೇಶದಲ್ಲೇ ಸಿಗರೇಟ್ ಪ್ರತಿ ಗೂಡಂಗಡಿಯಲ್ಲೂ ಸಿಗುತ್ತೆ. ನಮ್ಮ ರಾಜ್ಯದಲ್ಲಿ ಬಿಡಿ ಸಿಗರೇಟ್ ಮಾರಬಾರದು, ಹಾಸನ ಬಸ್ ಸ್ಟ್ಯಾಂಡಿಂದ ಈಚೆ ಬಂದು ನೋಡಿ, ಅಂಗಡಿ ಕಂಬಕ್ಕೆ ದಾರದಲ್ಲಿ ಲೈಟರ್ ಕಟ್ಟಿ ಇಳಿಬಿಟ್ಟಿರ್ತಾರೆ, ಪ್ಯಾಕೆಟ್ ತಗೊಳ್ಳೋರಿಗಾ ಆ ಲೈಟರ್? ನಮ್ಮದೇ ಜಿಲ್ಲೆಯ ಅರಕಲಗೂಡು ತಾಲೂಕಿಗೆ ಹೋಗಿ, ಕೊಣನೂರು ರಾಮನಾಥಪುರ ಸುತ್ತ ಊರೂರಲ್ಲಿ ಹೊಗೆಸೊಪ್ಪು ಬಿಸಿ ಕೊಟ್ಟು ಒಣಗಿಸೋ ಬ್ಯಾರನ್. ಸೊಪ್ಪು ಕಟ್ಟೋ ಹೆಂಗಸರ ಕೈ ನೋಡಿದೀರಾ, ಕಪ್ಪಗೆ ಅಂಟು ಹಿಡಿದಿರುತ್ತೆ, ಸೋಪು ಹಾಕಿ ಉಜ್ಜಿದ್ರೂ ಬಿಡಲ್ಲ, ಉಣ್ಣೋ ಅನ್ನ ಕಹಿ. ಮಳೆಗೆ ನೆನೆದ ಹಸಿ ಎಲೆ ಮುರಿಯೋವಾಗ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿ ತಲೆಸುತ್ತು, ವಾಂತಿ. ಒಂದೂ ಸಿಗರೇಟ್ ಮುಟ್ಟದ ಹೆಣ್ಣುಮಕ್ಕಳು ಅವರು! ರೈತರನ್ನ ನಾನು ಬಯ್ಯಲ್ಲ, ಮಳೆ ನಂಬಿದ ಆ ಹೊಲದಲ್ಲಿ ಇಷ್ಟು ದುಡ್ಡು ಕೊಡೋ ಇನ್ನೊಂದು ಬೆಳೆನ, ಇಂಥ ಹರಾಜು ಕಟ್ಟೆನ ಅವರಿಗೆ ಯಾರು ತೋರಿಸಿದಾರೆ? ದೆಹಲಿಯ ಒಂದು ಇಲಾಖೆ 1976ರಿಂದ ತಂಬಾಕು ಮಂಡಳಿ ನಡೆಸುತ್ತೆ, ಇನ್ನೊಂದು ಇಲಾಖೆ ಪ್ಯಾಕೆಟ್ ಮೇಲೆ ಕ್ಯಾನ್ಸರ್ ಚಿತ್ರ ಹಾಕಿಸುತ್ತೆ. ಇದನ್ನ ಬರೆದೂ ಬರೆದೂ ನಮಗೆ ಸಾಕಾಗಿದೆ, ಆದ್ರೂ ಬರೆಯೋದು ನಿಲ್ಲಿಸಲ್ಲ.

ನಿಮ್ಮ ವಿಷಯಕ್ಕೆ ಬರ್ತೀನಿ. 15ರಿಂದ 4ಕ್ಕೆ ಇಳಿಸೋ ತಾಕತ್ತು ಎಲ್ಲರಿಗೂ ಇರಲ್ಲ, ನಿಮಗಿದೆ, ಅದಕ್ಕೇ ಇಷ್ಟು ಗದರಿಸ್ತಿರೋದು. ಬ್ರಿಟನ್ನಿನ ಡಾಕ್ಟರುಗಳನ್ನ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನ 2004ರಲ್ಲಿ ಬಂತು, 40ರ ಹೊತ್ತಿಗೆ ಬಿಟ್ಟವರಿಗೆ ಸುಮಾರು 9 ವರ್ಷ ಆಯುಷ್ಯ ವಾಪಸ್, 50ಕ್ಕೆ ಬಿಟ್ರೆ 6, 60ಕ್ಕೆ ಬಿಟ್ರೆ 3. ನಿಮಗೆ 42, ಕೊಯ್ಲು ಮುಗೀಲಿ ಅಂತ ಮುಂದಕ್ಕೆ ಹಾಕ್ಬೇಡಿ. ಒಂದು ದಿನ ಗೊತ್ತು ಮಾಡಿ ನಾಲ್ಕನ್ನೂ ಒಟ್ಟಿಗೆ ಬಿಡಿ. 1800-11-2356 ತಂಬಾಕು ಬಿಡೋರಿಗೆ ನೆರವು ಕೊಡೋ ಸರ್ಕಾರದ ಉಚಿತ ಕ್ವಿಟ್‌ಲೈನ್, ಕನ್ನಡದಲ್ಲೂ ಮಾತಾಡ್ತಾರೆ. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಡಾಕ್ಟರನ್ನ ಕಂಡ್ರೆ ಪ್ಯಾಚು, ಮಾತ್ರೆ ಬೇಕಾ ಅಂತ ನೋಡಿ ಹೇಳ್ತಾರೆ, ವೇಪನ್ನ ಹೇಗೆ ಬಿಡೋದು ಅಂತನೂ ಅಲ್ಲೇ ಕೇಳಿ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಸಿಗುತ್ತೆ. ಅದನ್ನ ಚೂಯಿಂಗ್ ಗಮ್ ಥರ ಅಗೀತಾ ಇರಬಾರದು, ನಿಧಾನವಾಗಿ ಅಗಿದು ಖಾರ ಹತ್ತಿದ ಕೂಡ್ಲೇ ದವಡೆ ಪಕ್ಕ ಒತ್ತರಿಸಿ ಇಡಿ, ಖಾರ ಇಳಿದ್ಮೇಲೆ ಮತ್ತೆ ಅಗೀರಿ. ಕಾಫಿ ಕುಡಿದ ಬಾಯಲ್ಲಿ ಆ ನಿಕೋಟಿನ್ ಸರಿಯಾಗಿ ಹತ್ತಲ್ಲ, ಕುಡಿದು ಕಾಲು ಗಂಟೆ ಬಿಟ್ಟು ಹಾಕ್ಕೊಳ್ಳಿ. ಈ ಪುಟ ಹರಿದು ಮನೆಯವರ ಕೈಗೆ ಕೊಡಿ, ಮುಂದಿನ ಕಾಗದ ಅವರೇ ಬರೀಲಿ.