ನಾಯಿಯ ಮೂತ್ರಕೋಶದಲ್ಲಿ ಕಲ್ಲು ಇದ್ದರೆ ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನಮ್ಮ ಪೊಮೇರಿಯನ್ ಹೆಣ್ಣು ನಾಯಿಗೆ ಆರು ವರ್ಷ. ಸ್ವಲ್ಪ ದಿನದಿಂದ ಮೂತ್ರದಲ್ಲಿ ರಕ್ತ ಬರುತ್ತಿದೆ. ಎಕ್ಸ್‌ರೇಯಲ್ಲಿ ಮೂತ್ರಕೋಶದಲ್ಲಿ ದೊಡ್ಡ ಕಲ್ಲು ಕಾಣಿಸಿದೆ. ಡಾಕ್ಟರ್ ಆಪರೇಷನ್ ಅಂದರು. ಪಕ್ಕದ ಮನೆ ಆಂಟಿ ಬಾಳೆದಿಂಡಿನ ರಸ ಕೊಟ್ಟರೆ ಕರಗುತ್ತೆ ಅಂತಾರೆ. ಏನು ಮಾಡಲಿ? ಮನೆಯಲ್ಲಿ ಗಂಡು ಬೆಕ್ಕೂ ಇದೆ, ಅದಕ್ಕೂ ಹೀಗಾಗುತ್ತಾ?

ಉತ್ತರ: ಆ ಕಲ್ಲು ಯಾವ ಬಗೆಯದು ಅಂತ ಡಾಕ್ಟರ್ ಏನಾದರೂ ಹೇಳಿದರಾ? ಎಲ್ಲಾ ಅದರ ಮೇಲೇ ನಿಂತಿದೆ. ನಾನು ಪಶುವೈದ್ಯ, ನಾಯಿ ಬೆಕ್ಕುಗಳನ್ನೇ ಜಾಸ್ತಿ ನೋಡುತ್ತೇನೆ. ಕಲ್ಲು ಅಂದರೆ ಎಲ್ಲವೂ ಒಂದೇ ಅಂದುಕೊಂಡು ಬರುವವರೇ ಹೆಚ್ಚು. ಹಾಗಲ್ಲ. ಕೆಲವು ಕಲ್ಲು ಊಟ, ಔಷಧಿಯಲ್ಲೇ ಕರಗಿ ಹೋಗುತ್ತವೆ. ಕೆಲವು ಏನು ಮಾಡಿದರೂ ಕರಗುವುದಿಲ್ಲ.

ನಾಯಿಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ, ಸ್ಟ್ರುವೈಟ್ ಮತ್ತು ಕ್ಯಾಲ್ಸಿಯಂ ಆಕ್ಸಲೇಟ್. ಸ್ಟ್ರುವೈಟ್ ಅಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆಗುವ ಕಲ್ಲು. ನಾಯಿಗಳಲ್ಲಿ ಇದು ಬಹುಪಾಲು ಸೋಂಕಿನಿಂದಲೇ ಬರುತ್ತೆ. ಹೆಣ್ಣು ನಾಯಿಯ ಮೂತ್ರನಾಳ ಗಿಡ್ಡ, ಹಾಗಾಗಿ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಸೇರುತ್ತವೆ. ಅವುಗಳಲ್ಲಿ ಸ್ಟೆಫೈಲೋಕಾಕಸ್, ಪ್ರೋಟಿಯಸ್‌ನಂಥವು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರವಾಗುತ್ತೆ. ಕ್ಷಾರದಲ್ಲಿ ಈ ಲವಣಗಳು ಕರಗಿರಲಾರವು, ಹರಳುಗಟ್ಟಿ ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ಸೋಂಕು ಬಿಟ್ಟು ಬರೀ ಕಲ್ಲು ತೆಗೆದರೆ ಮತ್ತೆ ಬರುವುದು ಇದಕ್ಕೇ.

ಹೆಣ್ಣು ನಾಯಿ, ದೊಡ್ಡ ಕಲ್ಲು ಅಂದಿದ್ದೀರಿ. ಹಾಗಾಗಿ ಸ್ಟ್ರುವೈಟ್ ಇರಬಹುದು ಅಂತ ನನಗೆ ಅನ್ನಿಸುತ್ತೆ. ಆದರೆ ಅನ್ನಿಸಿಕೆ ಮೇಲೆ ಚಿಕಿತ್ಸೆ ಬೇಡ. ಮೂತ್ರ ಪರೀಕ್ಷೆ ಮತ್ತು ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ) ಎರಡೂ ಮಾಡಿಸಿ. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಸ್ಯಾಂಪಲ್ ಕೊಟ್ಟರೆ ಒಳ್ಳೆಯದು. ನೆಲಕ್ಕೆ ಬಿದ್ದ ಉಚ್ಚೆ ಕಲ್ಚರ್‌ಗೆ ಬರುವುದಿಲ್ಲ. ಡಾಕ್ಟರ್ ಹೊಟ್ಟೆಯ ಮೇಲಿಂದ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ಕೇಳಿದರೆ ಭಯವಾಗುತ್ತೆ ನಿಜ, ಹೆಚ್ಚಿನ ನಾಯಿಗಳು ಸುಮ್ನೆ ಮಲಗಿರುತ್ತವೆ.

ಮೂತ್ರದ ಪಿಎಚ್ 7ಕ್ಕಿಂತ ಜಾಸ್ತಿ, ಅಂದರೆ ಮೂತ್ರ ಕ್ಷಾರವಾಗಿದ್ದು, ಯೂರಿಯಾ ಒಡೆಯುವ ಬ್ಯಾಕ್ಟೀರಿಯಾವೂ ಸಿಕ್ಕರೆ, ಆಪರೇಷನ್‌ಗಿಂತ ಮೊದಲು ಕರಗಿಸುವ ಪ್ರಯತ್ನ ಮಾಡೋಣ ಅಂತ ನಿಮ್ಮ ಡಾಕ್ಟರ್ ಹತ್ತಿರ ಧೈರ್ಯವಾಗಿ ಕೇಳಿ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2016ರಲ್ಲಿ ಕೊಟ್ಟ ಶಿಫಾರಸಿನಲ್ಲೂ ಸ್ಟ್ರುವೈಟ್ ಅನಿಸಿದರೆ ಕರಗಿಸುವುದೇ ಮೊದಲ ದಾರಿ ಅಂತಿದೆ. ಇದಕ್ಕೆ ಬೇರೆಯೇ ಆಹಾರ ಸಿಗುತ್ತೆ, ಡಾಕ್ಟರ್ ಚೀಟಿ ಮೇಲೆ ಕೊಡುವಂಥದ್ದು. ಅದರ ಜೊತೆ ಕಲ್ಚರ್‌ಗೆ ತಕ್ಕ ಆಂಟಿಬಯೋಟಿಕ್. ಕಲ್ಲಿನ ಒಳಪದರದಲ್ಲೂ ಬ್ಯಾಕ್ಟೀರಿಯಾ ಅಡಗಿರುತ್ತವೆ. ಕಲ್ಲು ಕರಗಿದ ಹಾಗೆ ಅವು ಹೊರಗೆ ಬರುತ್ತವೆ. ಅದಕ್ಕೇ ರಕ್ತ ನಿಂತಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೆಲವು ವಾರಗಳಿಂದ ಎರಡು ಮೂರು ತಿಂಗಳು ಹಿಡಿಯಬಹುದು. ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆದು ಕಲ್ಲು ಚಿಕ್ಕದಾಗುತ್ತಿದೆಯಾ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಮಾಯವಾದ ಮೇಲೂ ಸುಮಾರು ಒಂದು ತಿಂಗಳು ಮುಂದುವರಿಸಬೇಕು, ಕಣ್ಣಿಗೆ ಕಾಣದ ಚೂರುಗಳು ಉಳಿದಿರುತ್ತವೆ.

ಇದು ಕೆಲಸ ಮಾಡದೇ ಹೋಗುವುದು ಹೆಚ್ಚಾಗಿ ಮನೆಯ ಅಡುಗೆಮನೆಯಲ್ಲಿ. ಅಜ್ಜಿ ಒಂದು ಬಿಸ್ಕೆಟ್ ಹಾಕುತ್ತಾರೆ, ಮಕ್ಕಳು ಚಿಕನ್ ಪೀಸ್ ಕೊಡುತ್ತಾರೆ, ರಾತ್ರಿ ಉಳಿದ ಹಾಲನ್ನ. ಆಹಾರದ ಲೆಕ್ಕಾಚಾರ ಅಲ್ಲಿಗೆ ಕೆಟ್ಟಿತು. ಮನೆಯವರನ್ನೆಲ್ಲ ಕೂರಿಸಿಕೊಂಡು ಮೊದಲೇ ಹೇಳಿಬಿಡಿ. ಇನ್ನೊಂದು, ಬಸುರಿ ನಾಯಿಗೆ, ಮರಿಗಳಿಗೆ, ಹೃದಯದ ಅಥವಾ ಪ್ಯಾಂಕ್ರಿಯಾಸ್ ತೊಂದರೆ ಇರುವ ನಾಯಿಗೆ ಈ ಆಹಾರ ಆಗುವುದಿಲ್ಲ.

ಆಕ್ಸಲೇಟ್ ಆದರೆ ಕಥೆಯೇ ಬೇರೆ. ಶಿಟ್ಜು, ಲಾಸಾ, ಮಿನಿಯೇಚರ್ ಶ್ನಾಜರ್‌ನಂಥ ಚಿಕ್ಕ ತಳಿಗಳಲ್ಲಿ, ಅದರಲ್ಲೂ ಗಂಡು ನಾಯಿಗಳಲ್ಲಿ ಇದು ಜಾಸ್ತಿ. ಇದನ್ನು ಕರಗಿಸುವ ಔಷಧಿ ಇಲ್ಲ. ತುಂಬಾ ಸಣ್ಣವಾದರೆ ಅರಿವಳಿಕೆ ಕೊಟ್ಟು ನೀರಿನ ಒತ್ತಡದಲ್ಲಿ ಹೊರಗೆ ತಳ್ಳಬಹುದು, ದೊಡ್ಡದಾದರೆ ಆಪರೇಷನ್ನೇ. ನಿಮ್ಮ ಡಾಕ್ಟರ್ ಇದೇ ಕಾರಣಕ್ಕೆ ಆಪರೇಷನ್ ಅಂದಿದ್ದರೆ ಅವರ ಮಾತು ಸರಿ, ಹೆದರಬೇಡಿ. ಆಗ ಎರಡು ಮಾತ್ರ ಕೇಳಿಕೊಳ್ಳಿ. ಹೊಲಿಗೆ ಹಾಕಿದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದು ಯಾವ ಕಲ್ಲೂ ಉಳಿದಿಲ್ಲ ಅಂತ ನೋಡಲಿ. ತೆಗೆದ ಕಲ್ಲನ್ನು ಡಬ್ಬಿಗೆ ಹಾಕಿ ನೆನಪಿಗೆ ಇಟ್ಟುಕೊಳ್ಳಬೇಡಿ, ಲ್ಯಾಬಿಗೆ ಕಳಿಸಿ. ಮುಂದೆ ಬಾರದ ಹಾಗೆ ಏನು ಮಾಡಬೇಕು ಅನ್ನುವುದನ್ನು ಆ ರಿಪೋರ್ಟೇ ಹೇಳುತ್ತೆ. ಡಾಲ್ಮೇಷಿಯನ್ ನಾಯಿಗಳಿಗೆ ಹುಟ್ಟಿನಿಂದಲೇ ಮೂತ್ರದಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಅವಕ್ಕೆ ಯೂರೇಟ್ ಅನ್ನೋ ಇನ್ನೊಂದು ಬಗೆ. ಅದು ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಸ್ಕ್ಯಾನಿಂಗ್ ಬೇಕು.

ಬಾಳೆದಿಂಡಿನ ವಿಷಯ. ಆಂಟಿ ಪ್ರೀತಿಯಿಂದಲೇ ಹೇಳಿದ್ದಾರೆ, ನಮ್ಮ ಮನೆಗಳಲ್ಲಿ ಕಿಡ್ನಿ ಕಲ್ಲಿಗೆ ದಿಂಡಿನ ಪಲ್ಯ, ರಸ ರೂಢಿ. ಆದರೆ ಮನುಷ್ಯರ ಕಲ್ಲು ಹೆಚ್ಚಾಗಿ ಕಿಡ್ನಿಯಲ್ಲಾಗುವ ಆಕ್ಸಲೇಟ್. ನಿಮ್ಮ ನಾಯಿಯದು ಸೋಂಕಿನ ಕಲ್ಲಾಗಿದ್ದರೆ ದಿಂಡು ಆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಕಳೆದುಹೋಗುವುದು ದಿನಗಳು. ಎಳನೀರಂತೂ ಮೂತ್ರ ಕಟ್ಟಿದ ಪ್ರಾಣಿಗೆ ಕೊಡಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಮೂತ್ರ ಕಟ್ಟಿದಾಗ ರಕ್ತದಲ್ಲಿ ಏರುವುದೂ ಅದೇ. ನೋವಿಗೆ ಅಂತ ನಿಮ್ಮ ಮಾತ್ರೆ ಕೊಡಬೇಡಿ. ಒಂದು ಪ್ಯಾರಾಸಿಟಮಾಲ್ ಸಾಕು ಬೆಕ್ಕಿನ ಪ್ರಾಣ ತೆಗೆಯಲು.

ಈಗ ನಿಮ್ಮ ಗಂಡು ಬೆಕ್ಕು. ಇದನ್ನು ದಯವಿಟ್ಟು ಮನೆಯವರೆಲ್ಲ ಓದಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು. ಚಿಕ್ಕ ಕಲ್ಲು ಬೇಕಾಗಿಲ್ಲ, ಲೋಳೆ ಮತ್ತು ಹರಳು ಸೇರಿ ಆದ ಬಿರಡೆಯೇ ಸಾಕು ಕಟ್ಟಿಕೊಳ್ಳಲು. ಬೆಕ್ಕು ಪದೇ ಪದೇ ಮರಳಿನ ಟ್ರೇಗೆ ಹೋಗಿ ಕೂರುತ್ತೆ, ಕೂಗುತ್ತೆ, ನೆಕ್ಕಿಕೊಳ್ಳುತ್ತೆ, ಹನಿ ಬರುವುದಿಲ್ಲ. ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುವವರನ್ನು ನೋಡಿದ್ದೇನೆ. ಪೂರ್ತಿ ಕಟ್ಟಿದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು, ಕೆಲವೇ ದಿನದೊಳಗೆ ಸಾಯಬಹುದು. ಬೆಳಗ್ಗೆ ನೋಡೋಣ ಅನ್ನಬೇಡಿ, ಅದೇ ರಾತ್ರಿ ಕರೆದುಕೊಂಡು ಹೋಗಿ.

ಬೆಕ್ಕಿನ ಸ್ಟ್ರುವೈಟ್‌ಗೆ ಸಾಮಾನ್ಯವಾಗಿ ಸೋಂಕು ಇರುವುದಿಲ್ಲ, ಆಹಾರದಲ್ಲೇ ಹೆಚ್ಚಾಗಿ ಒಂದು ತಿಂಗಳೊಳಗೆ ಕರಗುತ್ತೆ. ಆದರೆ ಅಂಥ ಆಹಾರವನ್ನು ಮನಸ್ಸಿಗೆ ಬಂದ ಹಾಗೆ ವರ್ಷಗಟ್ಟಲೆ ಕೊಡಬಾರದು. 1980ರ ದಶಕದಲ್ಲಿ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಮೆಗ್ನೀಸಿಯಂ ಇಳಿಸಿ ಆಮ್ಲ ಏರಿಸಿದವು. ಸ್ಟ್ರುವೈಟ್ ಕಡಿಮೆಯಾಯಿತು, ಆಕ್ಸಲೇಟ್ ಏರಿತು. ಎಲ್ಲ ಕಲ್ಲಿಗೂ ಒಪ್ಪುವ ಒಂದೇ ಉಪಾಯ ಅಂದರೆ ಮೂತ್ರ ತೆಳುವಾಗಿರುವುದು. ಒಣ ಆಹಾರದಲ್ಲಿ ನೀರು ಶೇ. 10ರಷ್ಟು, ಡಬ್ಬಿಯ ಹಸಿ ಆಹಾರದಲ್ಲಿ ಶೇ. 75ಕ್ಕೂ ಜಾಸ್ತಿ. ಬೆಕ್ಕು ಈ ಕೊರತೆಯನ್ನು ಕುಡಿದು ತುಂಬಿಕೊಳ್ಳುವ ಪ್ರಾಣಿ ಅಲ್ಲ. ಹಸಿ ಆಹಾರಕ್ಕೆ ಇನ್ನಷ್ಟು ನೀರು ಕಲಸಿ ಕೊಡಿ, ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ. ನಾಯಿಯನ್ನು ಉಚ್ಚೆಗೆ ಬೆಳಗ್ಗೆ ಸಂಜೆ ಮಾತ್ರ ಬಿಡುತ್ತಿದ್ದರೆ ಮಧ್ಯಾಹ್ನವೂ, ಮಲಗುವ ಮುಂಚೆಯೂ ಬಿಡಿ.

ಮೊದಲು ಕಲ್ಚರ್ ಕೊಡಿ. ರಿಪೋರ್ಟ್ ಬಂದ ಮೇಲೆ ಪಿಎಚ್ ಎಷ್ಟು, ಯಾವ ಬ್ಯಾಕ್ಟೀರಿಯಾ ಅಂತ ಇಲ್ಲೇ ಬರೆಯಿರಿ. ಅಷ್ಟರೊಳಗೆ ನಾಯಿ ತಿಣುಕಿದರೂ ಉಚ್ಚೆ ಬರದಿದ್ದರೆ, ವಾಂತಿ ಮಾಡಿಕೊಂಡರೆ, ರಿಪೋರ್ಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.