ತಿಂದ ಪ್ರೋಟೀನ್ ನಮ್ಮೊಳಗೆ ಹೇಗೆ ಒಡೆಯುತ್ತದೆ? ಹಸಿ ಮೊಟ್ಟೆ, ಬೇಳೆ, ಕಿಣ್ವದ ಮಾತ್ರೆ ಬಗ್ಗೆ

ಮೊಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ: ಬೇಯಿಸಿಯೇ ತಿನ್ನಿ. ಜಿಮ್‌ನಲ್ಲಿ ಯಾರೋ ಹೇಳಿದರೆಂದು ದಿನಾ ಬೆಳಿಗ್ಗೆ ಹಸಿ ಮೊಟ್ಟೆ ಕುಡಿಯುತ್ತಿದ್ದೇನೆ, ಬೇಳೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಪ್ರೋಟೀನ್ ಸರಿಯಾಗಿ ಒಡೆಯುತ್ತಿಲ್ಲವೇನೋ, ಕಿಣ್ವದ ಮಾತ್ರೆ ಶುರು ಮಾಡಲೇ ಎಂದು ಕೇಳಿದ್ದೀರಿ. ಪ್ರೋಟೀನ್ ಒಡೆಯುವ ಕ್ರಮ ಒಮ್ಮೆ ತಿಳಿದರೆ ಈ ಮೂರಕ್ಕೂ ಉತ್ತರ ಅದರಲ್ಲೇ ಸಿಗುತ್ತದೆ. ನಾನು ಜೀವರಸಾಯನಶಾಸ್ತ್ರ ಪಾಠ ಮಾಡುವವನು. ಈ ಪಾಠ ಎಷ್ಟು ಸಲ ಮಾಡಿದರೂ ನನಗೆ ಹಳತೆನಿಸಿಲ್ಲ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಬಹುದು.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಅಮೈನೋ ಆಮ್ಲಗಳು 20 ಬಗೆ. ಮೊಟ್ಟೆಯ ಬಿಳಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಓವಾಲ್‌ಬ್ಯುಮಿನ್ ಎಂಬ ಪ್ರೋಟೀನನ್ನೇ ತೆಗೆದುಕೊಳ್ಳಿ, ಅದರ ಒಂದು ಸರಪಳಿಯಲ್ಲಿ 385 ಅಮೈನೋ ಆಮ್ಲಗಳಿವೆ. ಒಂದನ್ನು ಇನ್ನೊಂದಕ್ಕೆ ಬೆಸೆದಿರುವುದು ಪೆಪ್ಟೈಡ್ ಬಂಧ. ಈ ಬಂಧ ಬಿಡಿಸಲು ಒಂದು ನೀರಿನ ಅಣು ಸಾಕು, ಆದರೆ ಬರೀ ನೀರಿನಲ್ಲಿ ಇಟ್ಟರೆ ಅದು ತಾನಾಗಿ ಬಿಡಲು ನೂರಾರು ವರ್ಷ ಬೇಕು. ಪ್ರಯೋಗಾಲಯದಲ್ಲಿ ಇಡೀ ಪ್ರೋಟೀನನ್ನು ಬಿಡಿ ಅಮೈನೋ ಆಮ್ಲಗಳಾಗಿ ಒಡೆಯಬೇಕಾದರೆ ಕಟುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಯಿಸುತ್ತೇವೆ. ಅದೇ ಕೆಲಸವನ್ನು ನಮ್ಮ ಹೊಟ್ಟೆ, ಕರುಳು 37 ಡಿಗ್ರಿಯಲ್ಲಿ, ಊಟವಾದ ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಇಂಥ ಕ್ರಿಯೆಗಳನ್ನು ವೇಗವಾಗಿ ನಡೆಸುವ ಪ್ರೋಟೀನ್‌ಗಳೇ ಕಿಣ್ವಗಳು, ಅವುಗಳ ಶಕ್ತಿ ಅಂಥದ್ದು.

ಇಲ್ಲೊಂದು ಅಪಾಯವೂ ಇದೆ. ಜಠರದ ಗೋಡೆ, ಕರುಳಿನ ಗೋಡೆ, ಕಿಣ್ವ ತಯಾರಿಸುವ ಜೀವಕೋಶ, ಎಲ್ಲದರಲ್ಲೂ ಪ್ರೋಟೀನ್ ತುಂಬಿದೆ. ಮಾಂಸವನ್ನು ಕರಗಿಸುವ ರಸಕ್ಕೆ ಅದು ಕೋಳಿಯದೋ ನಮ್ಮದೋ ಎಂಬ ಭೇದವಿಲ್ಲ. ಒಡೆಯುವುದು ಎಷ್ಟು ಮುಖ್ಯವೋ, ಯಾವಾಗ ಎಲ್ಲಿ ಒಡೆಯಬೇಕು ಎಂಬುದೂ ಅಷ್ಟೇ ಮುಖ್ಯ. ಪಠ್ಯಪುಸ್ತಕದಲ್ಲಿ ಕಿಣ್ವಗಳ ಹೆಸರಿನ ಪಟ್ಟಿ ಉರುಹೊಡೆಯುವಾಗ ಕೈತಪ್ಪಿಹೋಗುವುದು ಈ ಮಾತೇ. ಮುಂದೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಬಾಯಲ್ಲಿ ಪ್ರೋಟೀನಿಗೆ ಆಗುವುದು ಅಗಿತ ಮಾತ್ರ. ಜೊಲ್ಲಿನ ಮುಖ್ಯ ಕಿಣ್ವ ಕೆಲಸ ಮಾಡುವುದು ಪಿಷ್ಟದ ಮೇಲೆ.

ಜಠರಕ್ಕೆ ಬಂದಾಗ ಹೈಡ್ರೋಕ್ಲೋರಿಕ್ ಆಮ್ಲ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ ಅದರ ಪಿಎಚ್ 2ರ ಆಸುಪಾಸು, ಅಂದರೆ ನಿಂಬೆರಸದಷ್ಟು ಅಥವಾ ಅದಕ್ಕಿಂತ ತೀಕ್ಷ್ಣ. ಊಟ ಬಿದ್ದಾಗ ಸ್ವಲ್ಪ ಸೌಮ್ಯವಾಗಿ ಮತ್ತೆ ತೀಕ್ಷ್ಣವಾಗುತ್ತದೆ. ಈ ಆಮ್ಲವೇ ಪ್ರೋಟೀನನ್ನು ಕತ್ತರಿಸುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಅದು ಕತ್ತರಿಸುವುದಕ್ಕೆ ಅನುವು ಮಾಡಿಕೊಡುತ್ತದೆ. ಪ್ರೋಟೀನ್ ಸರಪಳಿ ಸಿಕ್ಕುಸಿಕ್ಕಾದ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರುತ್ತದೆ, ಕಿಣ್ವ ಹಿಡಿಯಬೇಕಾದ ಜಾಗಗಳು ಒಳಗೆ ಅಡಗಿರುತ್ತವೆ. ಆಮ್ಲ ಆ ಸುತ್ತು ಬಿಚ್ಚುತ್ತದೆ. ಜೊತೆಗೆ ಪೆಪ್ಸಿನೋಜನ್ ಎಂಬ ನಿಷ್ಕ್ರಿಯ ವಸ್ತುವನ್ನು ಎಬ್ಬಿಸುತ್ತದೆ. ಜಠರದ ಜೀವಕೋಶಗಳು ಸುರಿಸುವುದು ಪೆಪ್ಸಿನೋಜನನ್ನು, ಅದಕ್ಕೆ ಕತ್ತರಿಸುವ ಶಕ್ತಿ ಇರುವುದಿಲ್ಲ. ಅದರ ಒಂದು ತುದಿಯಲ್ಲಿರುವ 40ಕ್ಕೂ ಹೆಚ್ಚು ಅಮೈನೋ ಆಮ್ಲಗಳ ತುಂಡು ಕಿಣ್ವದ ಬಾಯಿಗೆ ಅಡ್ಡ ಕೂತಿರುತ್ತದೆ. ಆಮ್ಲ ತಗುಲಿದೊಡನೆ ಆ ತುಂಡು ಸರಿದು ಕಳಚಿಕೊಳ್ಳುತ್ತದೆ, ಆಗ ಅದು ಪೆಪ್ಸಿನ್. ಹಾಗೆ ಎದ್ದ ಪೆಪ್ಸಿನ್ ಉಳಿದ ಪೆಪ್ಸಿನೋಜನನ್ನೂ ಎಬ್ಬಿಸುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ನಮ್ಮ ಪ್ರಯೋಗಾಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ನಾಲ್ಕು ಪ್ರನಾಳ ಕೊಡುತ್ತೇವೆ. ನಾಲ್ಕರಲ್ಲೂ ಬೆಂದ ಮೊಟ್ಟೆಯ ಬಿಳಿಯ ಸಣ್ಣ ಚೂರು. ಒಂದಕ್ಕೆ ಆಮ್ಲ ಮಾತ್ರ, ಇನ್ನೊಂದಕ್ಕೆ ನೀರಿನಲ್ಲಿ ಕದಡಿದ ಪೆಪ್ಸಿನ್ ಮಾತ್ರ, ಮೂರನೆಯದಕ್ಕೆ ಆಮ್ಲ ಮತ್ತು ಪೆಪ್ಸಿನ್, ನಾಲ್ಕನೆಯದಕ್ಕೆ ಆಮ್ಲ ಮತ್ತು ಕುದಿಸಿ ಆರಿಸಿದ ಪೆಪ್ಸಿನ್. ಎಲ್ಲವನ್ನೂ 37 ಡಿಗ್ರಿಯ ನೀರಿನಲ್ಲಿ ಇಡುತ್ತೇವೆ. ಸ್ವಲ್ಪ ಹೊತ್ತಿಗೆ ಮೂರನೆಯ ಪ್ರನಾಳದ ಚೂರಿನ ಅಂಚು ಗಾಜಿನಂತೆ ಪಾರದರ್ಶಕವಾಗತೊಡಗುತ್ತದೆ, ಆಮೇಲೆ ಮೂಲೆಗಳು ಸವೆದು ಚೂರು ಗುಂಡಾಗುತ್ತದೆ, ಬರಬರುತ್ತಾ ಕರಗುತ್ತದೆ. ಬರೀ ಆಮ್ಲದಲ್ಲಿದ್ದದ್ದು ಕೊಂಚ ಊದಿಕೊಂಡು ಹಾಗೆಯೇ ಉಳಿಯುತ್ತದೆ. ಮಿಕ್ಕ ಎರಡರಲ್ಲೂ ಚೂರು ಕರಗುವುದಿಲ್ಲ. ಕರಗುತ್ತಿರುವ ಪ್ರನಾಳಕ್ಕೆ ಆಮ್ಲವೆಲ್ಲ ಅಡಗುವಷ್ಟು ಅಡುಗೆ ಸೋಡಾ ಹಾಕಿ ಬಿಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಆಮ್ಲ ಬೆರೆಸಿದರೂ ಶುರುವಾಗುವುದಿಲ್ಲ, ಏಕೆಂದರೆ ಕ್ಷಾರದಲ್ಲಿ ಪೆಪ್ಸಿನ್ನೇ ಕೆಟ್ಟುಹೋಗಿರುತ್ತದೆ. ಆಮ್ಲವಿದ್ದಲ್ಲಿ ಮಾತ್ರ ಬದುಕುವ ಕಿಣ್ವ ಅದು, ಜಠರ ದಾಟಿದ ಮೇಲೆ ತಾನಾಗಿ ಸುಮ್ಮನಾಗುತ್ತದೆ.

ದೇಹದ ಹೊರಗೂ ಈ ರಸ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ಮನದಟ್ಟಾದದ್ದು ಒಂದು ಅವಘಡದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಗಾಯ ವಾಸಿಯಾದರೂ ಜಠರಕ್ಕೆ ಹೋಗುವ ತೂತು ಮುಚ್ಚಲೇ ಇಲ್ಲ. ಚಿಕಿತ್ಸೆ ಮಾಡಿದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ತುಂಡು ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಆಗಾಗ ಎಳೆದು ನೋಡುತ್ತಿದ್ದರು. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟು ಅದರಲ್ಲೂ ಮಾಂಸ ಕರಗುವುದನ್ನು ದಾಖಲಿಸಿದರು. 1833ರಲ್ಲಿ ಅವರ ಪುಸ್ತಕ ಬಂತು, 1836ರಲ್ಲಿ ಜರ್ಮನಿಯ ಥಿಯೋಡರ್ ಶ್ವಾನ್ ಆ ರಸದಲ್ಲಿನ ಕಿಣ್ವವನ್ನು ಗುರುತಿಸಿ ಪೆಪ್ಸಿನ್ ಎಂದು ಹೆಸರಿಟ್ಟರು. ಸೇಂಟ್ ಮಾರ್ಟಿನ್ ಬಡವ, ವರ್ಷಗಟ್ಟಲೆ ಆತನನ್ನು ಹಾಗೆ ಪ್ರಯೋಗಕ್ಕೆ ಒಡ್ಡಿದ್ದು ಸರಿಯೆಂದು ನನಗೆ ಅನಿಸುವುದಿಲ್ಲ. ನಮ್ಮ ತಿಳಿವಳಿಕೆ ಆತನ ನೋವಿನ ಮೇಲೆ ನಿಂತಿದೆ ಎಂಬುದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ಜಠರದ ಗೋಡೆಯನ್ನು ಕಾಯುವುದು ಅಂಟಾದ ಲೋಳೆಯ ಪದರ ಮತ್ತು ಅದರೊಳಗೆ ಸೇರಿರುವ, ಆಮ್ಲವನ್ನು ಅಡಗಿಸುವ ಬೈಕಾರ್ಬೊನೇಟ್ ಎಂಬ ಕ್ಷಾರ. ಮೇಲ್ಪದರದ ಜೀವಕೋಶಗಳೂ ಕೆಲವೇ ದಿನಕ್ಕೊಮ್ಮೆ ಹೊಸತಾಗುತ್ತವೆ. ಹೆಲಿಕೋಬ್ಯಾಕ್ಟರ್ ಸೋಂಕು ತಗುಲಿದಾಗ, ಅಥವಾ ನೋವಿನ ಮಾತ್ರೆಗಳನ್ನು ಎಗ್ಗಿಲ್ಲದೆ ನುಂಗಿದಾಗ ಈ ಕಾವಲು ತೆಳುವಾಗಿ ಹುಣ್ಣಾಗುತ್ತದೆ.

ಇಷ್ಟೆಲ್ಲ ಆದರೂ ಒಟ್ಟು ಪ್ರೋಟೀನ್ ಜೀರ್ಣದಲ್ಲಿ ಪೆಪ್ಸಿನ್ ಪಾಲು ಶೇ. 10ರಿಂದ 20 ಮಾತ್ರ. ಕ್ಯಾನ್ಸರ್‌ನಿಂದಾಗಿ ಜಠರವನ್ನೇ ತೆಗೆಸಿಕೊಂಡವರೂ ಪ್ರೋಟೀನ್ ಜೀರ್ಣಿಸಿಕೊಳ್ಳುತ್ತಾರೆ. ದೊಡ್ಡ ಕೆಲಸ ನಡೆಯುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಅಂದರೆ ಡಿಯೋಡಿನಮ್‌ನಲ್ಲಿ.

ಹುಳಿಯಾದ ಗಂಜಿಯಂಥ ಆಹಾರ ಅಲ್ಲಿಗೆ ಇಳಿದಾಗ ಕರುಳಿನ ಗೋಡೆಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಹೋಗುತ್ತವೆ. ಒಂದು ಸೆಕ್ರೆಟಿನ್, 1902ರಲ್ಲಿ ಲಂಡನ್‌ನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದದ್ದು. ಇದರ ಕರೆಗೆ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಬೈಕಾರ್ಬೊನೇಟ್ ಸುರಿಸಿ ಹುಳಿಯನ್ನು ಅಡಗಿಸುತ್ತದೆ. ಇನ್ನೊಂದು ಕೊಲೆಸಿಸ್ಟೋಕೈನಿನ್, ಇದು ಅದೇ ಗ್ರಂಥಿಯಿಂದ ಕಿಣ್ವಗಳನ್ನು ಹೊರಡಿಸುತ್ತದೆ. ಹಾಗೆ ಬರುವ ಟ್ರಿಪ್ಸಿನೋಜನ್, ಕೈಮೋಟ್ರಿಪ್ಸಿನೋಜನ್, ಪ್ರೊಎಲಾಸ್ಟೇಸ್, ಪ್ರೊಕಾರ್ಬಾಕ್ಸಿಪೆಪ್ಟಿಡೇಸ್ ಎಲ್ಲವೂ ನಿಷ್ಕ್ರಿಯ ರೂಪದವು.

ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಟ್ರಿಪ್ಸಿನೋಜನ್ನಿನ ತುದಿಯಲ್ಲಿ ನಾಲ್ಕು ಆಸ್ಪಾರ್ಟಿಕ್ ಆಮ್ಲಗಳು ಸಾಲಾಗಿ, ಅವುಗಳ ಮುಂದೆ ಒಂದು ಲೈಸೀನ್ ಇರುತ್ತದೆ, ಎರಡೂ ಅಮೈನೋ ಆಮ್ಲಗಳ ಹೆಸರುಗಳೇ. ಕರುಳಿನ ಗೋಡೆಗೆ ಅಂಟಿಕೊಂಡಿರುವ ಎಂಟೆರೋಪೆಪ್ಟಿಡೇಸ್ ಎಂಬ ಕಿಣ್ವ ಹುಡುಕುವುದು ಈ ಗುರುತನ್ನೇ. ಸಿಕ್ಕಿದೊಡನೆ ಲೈಸೀನಿನ ಪಕ್ಕಕ್ಕೆ ಕತ್ತರಿಸುತ್ತದೆ, ಎಂಟು ಅಮೈನೋ ಆಮ್ಲಗಳ ಪುಟ್ಟ ತುಂಡು ಉದುರುತ್ತದೆ, ಟ್ರಿಪ್ಸಿನ್ ಎದ್ದು ನಿಲ್ಲುತ್ತದೆ. ಎಂಟೆರೋಪೆಪ್ಟಿಡೇಸ್ ಗ್ರಂಥಿಯಲ್ಲಿಲ್ಲ, ಕರುಳಿನಲ್ಲಿದೆ. ಅಂದರೆ ಕೀಲಿಕೈ ಇರುವುದು ಕಿಣ್ವ ಕೆಲಸ ಮಾಡಬೇಕಾದ ಜಾಗದಲ್ಲೇ. ಆಮೇಲೆ ಟ್ರಿಪ್ಸಿನ್ ಮಿಕ್ಕವರನ್ನೆಲ್ಲ ಎಬ್ಬಿಸುತ್ತದೆ.

ಇಷ್ಟು ಸಾಲದೆಂಬಂತೆ ಮೇದೋಜೀರಕ ಗ್ರಂಥಿ ಟ್ರಿಪ್ಸಿನ್ನಿನ ಬಾಯಿ ಕಟ್ಟುವ ಒಂದು ಪ್ರೋಟೀನನ್ನೂ ಜೊತೆಯಲ್ಲೇ ತಯಾರಿಸುತ್ತದೆ, ಅಕಸ್ಮಾತ್ ಒಳಗೇ ಒಂದಿಷ್ಟು ಟ್ರಿಪ್ಸಿನ್ ಎದ್ದರೆ ಹಿಡಿದಿಡಲು. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದಾಗಲೋ, ಅತಿಯಾದ ಕುಡಿತದಿಂದಲೋ ಈ ಕಟ್ಟುಪಾಡು ಮುರಿದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳಲು ಶುರುಮಾಡುತ್ತದೆ. ಮೇಲ್ಹೊಟ್ಟೆಯಿಂದ ಬೆನ್ನಿಗೆ ಹಾಯುವ ತೀವ್ರ ನೋವಿಗೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಈ ಗ್ರಂಥಿಯ ಉರಿಯೂತ, ಕಾರಣವಿರಬಹುದು, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಅದು.

ಒಂದೊಂದು ಕಿಣ್ವಕ್ಕೂ ಕತ್ತರಿಸುವ ಜಾಗ ಬೇರೆ. ಟ್ರಿಪ್ಸಿನ್ ಕತ್ತರಿಸುವುದು ಲೈಸೀನ್ ಅಥವಾ ಆರ್ಜಿನೀನ್ ಎಂಬ ಅಮೈನೋ ಆಮ್ಲ ಆದ ಮೇಲೆ. ಕೈಮೋಟ್ರಿಪ್ಸಿನ್‌ಗೆ ಫೀನೈಲಲನೀನ್, ಟೈರೋಸೀನ್‌ನಂಥ ದೊಡ್ಡವು ಬೇಕು, ಎಲಾಸ್ಟೇಸ್‌ಗೆ ಅಲನೀನ್‌ನಂಥ ಚಿಕ್ಕವು. ಸತುವನ್ನು ಹೊತ್ತ ಕಾರ್ಬಾಕ್ಸಿಪೆಪ್ಟಿಡೇಸ್ ಸರಪಳಿಯ ಕೊನೆಯಿಂದ ಒಂದೊಂದಾಗಿ ಬಿಡಿಸುತ್ತಾ ಬರುತ್ತದೆ. ಕೊನೆಯ ಹಂತ ಕರುಳಿನ ಗೋಡೆಯ ಮೇಲೆಯೇ, ಅಲ್ಲಿನ ಅಮೈನೋಪೆಪ್ಟಿಡೇಸ್‌ಗಳು ಚಿಕ್ಕ ತುಂಡುಗಳನ್ನು ಇನ್ನೂ ಚಿಕ್ಕದು ಮಾಡುತ್ತವೆ. ಎಲ್ಲವೂ ಬಿಡಿ ಅಮೈನೋ ಆಮ್ಲವಾಗಲೇಬೇಕು ಎಂದೇನಿಲ್ಲ. ಎರಡು ಮೂರು ಅಮೈನೋ ಆಮ್ಲಗಳ ಜೋಡಿಯನ್ನು ಹಾಗೆಯೇ ಒಳಗೆ ಸೆಳೆದುಕೊಳ್ಳುವ ಬೇರೆ ಬಾಗಿಲು ಇದೆ, ಮುಂದಿನ ಒಡೆತ ಜೀವಕೋಶದೊಳಗೆ. ಅಲ್ಲಿಂದ ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೆ. ಕೆಲಸ ಮುಗಿಸಿದ ಕಿಣ್ವಗಳು ಕೂಡ ಪ್ರೋಟೀನ್ ತಾನೇ, ಅವೂ ಬಹುಪಾಲು ಹೀಗೇ ಒಡೆದು ವಾಪಸ್ ಬಳಕೆಯಾಗುತ್ತವೆ.

ಇನ್ಸುಲಿನ್ನನ್ನು ಮಾತ್ರೆಯಾಗಿ ನುಂಗದೆ ಚುಚ್ಚಿಕೊಳ್ಳುವುದು ಯಾಕೆಂದು ಈಗ ನಿಮಗೇ ಹೊಳೆದಿರಬಹುದು. ಅದೂ 51 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್, ನುಂಗಿದರೆ ಮೊಟ್ಟೆಗೆ ಆದದ್ದೇ ಅದಕ್ಕೂ. ಇದಕ್ಕೆ ವಿರುದ್ಧದ ಉದಾಹರಣೆ ನಮ್ಮ ಹಳ್ಳಿಮನೆಗಳ ಕೊಟ್ಟಿಗೆಯಲ್ಲಿದೆ. ಹಸು ಈದ ಮೊದಲ ದಿನ ಕರು ಕುಡಿಯುವ ಗಿಣ್ಣು ಹಾಲಿನಲ್ಲಿ ರೋಗನಿರೋಧಕ ಪ್ರೋಟೀನ್‌ಗಳು ತುಂಬಿರುತ್ತವೆ, ಅವನ್ನು ಒಡೆಯಗೊಡದ ಟ್ರಿಪ್ಸಿನ್ ತಡೆಯೂ ಅದರಲ್ಲೇ ಇರುತ್ತದೆ. ಹುಟ್ಟಿದ ಮೊದಲ ದಿನದ ಮಟ್ಟಿಗೆ ಕರುವಿನ ಕರುಳು ಅವನ್ನು ಇಡಿಯಾಗಿಯೇ ರಕ್ತಕ್ಕೆ ಬಿಡುತ್ತದೆ, ಆಮೇಲೆ ಆ ದಾರಿ ಮುಚ್ಚುತ್ತದೆ. ಕರುವಿಗೆ ಮೊದಲು ಕುಡಿಸದೆ ಗಿಣ್ಣನ್ನೆಲ್ಲ ನಾವೇ ಕಾಯಿಸಿಕೊಳ್ಳಬಾರದು ಎನ್ನುವುದು ಅದಕ್ಕೇ.

ಇನ್ನು ನಿಮ್ಮ ಮೊಟ್ಟೆ. ಬೇಯಿಸಿದಾಗ ಶಾಖವೇ ಪ್ರೋಟೀನಿನ ಸುತ್ತು ಬಿಚ್ಚಿರುತ್ತದೆ, ಜಠರದ ಅರ್ಧ ಕೆಲಸ ಒಲೆಯ ಮೇಲೇ ಆದಂತೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು, ಸಣ್ಣ ಕರುಳಿನ ಕೊನೆಯನ್ನು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಹೊರಕ್ಕೆ ತೆರೆಸಿಕೊಂಡಿದ್ದ ರೋಗಿಗಳಿಗೆ ಮೊಟ್ಟೆ ಕೊಟ್ಟು ಜೀರ್ಣವಾಗದೆ ಉಳಿದದ್ದನ್ನು ಅಳೆದರು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ಶೇ. 91, ಹಸಿಯದು ಸುಮಾರು ಶೇ. 51 ಜೀರ್ಣವಾಗಿತ್ತು. ಐದೇ ಜನರ ಮೇಲಿನ ಚಿಕ್ಕ ಅಧ್ಯಯನ, ಆದರೂ ವ್ಯತ್ಯಾಸ ದೊಡ್ಡದು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ನೀವು ಕುಡಿಯುತ್ತಿರುವುದರಲ್ಲಿ ಸುಮಾರು ಅರ್ಧ ದಂಡವಾಗುತ್ತಿದೆ.

ಬೇಳೆಯ ಉಬ್ಬರಕ್ಕೆ ಹೆಚ್ಚಾಗಿ ಪ್ರೋಟೀನ್ ಕಾರಣವಲ್ಲ. ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ, ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿದಾಗ ಗ್ಯಾಸ್ ಬರುತ್ತದೆ. ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಿ, ಮೊಳಕೆ ಬರಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಅವರೆ, ಹುರುಳಿ, ಸೋಯಾದಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನ್‌ಗಳೂ ಇವೆ, ಕುಕ್ಕರ್‌ನಲ್ಲಿ ಮೆತ್ತಗೆ ಬೆಂದರೆ ಅವು ಬಹುಪಾಲು ನಾಶವಾಗುತ್ತವೆ. ಅರೆಬೆಂದ ಕಾಳು ತಿನ್ನಬೇಡಿ.

ಮಾತ್ರೆಯ ವಿಷಯಕ್ಕೆ ಬಂದರೆ, ಆರೋಗ್ಯವಾಗಿರುವ ಮೇದೋಜೀರಕ ಗ್ರಂಥಿ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಕಿಣ್ವ ಸುರಿಸುತ್ತದೆ, ಹೊರಗಿನಿಂದ ಸೇರಿಸಿ ಆಗಬೇಕಾದ್ದೇನೂ ಇಲ್ಲ. ಮಾತ್ರೆ ನಿಜವಾಗಿ ಬೇಕಾಗುವುದು ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರಿಗೆ, ಆ ಗ್ರಂಥಿಯ ಶಸ್ತ್ರಚಿಕಿತ್ಸೆ ಆದವರಿಗೆ. ಅವರಿಗೆ ಕೊಡುವ ಕ್ಯಾಪ್ಸೂಲ್‌ಗಳೊಳಗಿನ ಕಾಳುಗಳಿಗೆ ಆಮ್ಲದಲ್ಲಿ ಕರಗದ ಲೇಪ ಇರುತ್ತದೆ, ಇಲ್ಲದಿದ್ದರೆ ಕಿಣ್ವಗಳು ಜಠರದಲ್ಲೇ ಹಾಳಾಗುತ್ತವೆ. ಅದಕ್ಕೇ ಅದನ್ನು ಅಗಿಯದೆ, ಊಟದ ಜೊತೆಯಲ್ಲೇ ತೆಗೆದುಕೊಳ್ಳಲು ಹೇಳುತ್ತಾರೆ. ನಿಮಗೆ ತೂಕ ಇಳಿಯುತ್ತಿದ್ದರೆ, ಮಲ ಬಿಳಿಚಿ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ ಹೊಟ್ಟೆಯ ವೈದ್ಯರನ್ನು ಕಂಡು ಮಲದ ಎಲಾಸ್ಟೇಸ್ ಪರೀಕ್ಷೆಯ ಬಗ್ಗೆ ಕೇಳಿ. ಗ್ರಂಥಿ ಸುರಿಸುವ ಕಿಣ್ವಗಳಲ್ಲಿ ಎಲಾಸ್ಟೇಸ್ ಕರುಳಿನ ಉದ್ದಕ್ಕೂ ಒಡೆಯದೆ ಉಳಿಯುತ್ತದೆ, ಮಲದಲ್ಲಿ ಅದು ಕಡಿಮೆಯಿದ್ದರೆ ಗ್ರಂಥಿ ಸೋಲುತ್ತಿದೆ ಎಂದು ತಿಳಿಯುತ್ತದೆ. ಬರೀ ಉಬ್ಬರವಿದ್ದು ತೂಕ ಸರಿಯಾಗಿದ್ದರೆ ಕಾಳು ನೆನೆಸುವುದನ್ನು ಮೊದಲು ಬದಲಿಸಿ ನೋಡಿ.